ಸುಮೇಧಾಳ ದಿಗ್ವಿಜಯವೂ ಶ್ರೀಮತಿ ಅತ್ತೆಯ ಚಾಪೆಯೂ

ಎಂಬಿಬಿಎಸ್ ಮೂರನೆಯ ವರ್ಷದ ಸುಮೇಧಾ, ನವಿ ಮುಂಬೈಯ ತನ್ನ ಕಾಲೇಜಿನಲ್ಲಿ ಎಚ್‌ಪಿವಿ ಎಂಬ ಅಸುರನ ಮೇಲೆ ಯುದ್ಧ ಸಾರಿದ ವೀರಾಗ್ರಣಿ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಈ ವೈರಸ್ಸಿನ ಬಗ್ಗೆ ನಾಳಿನ ವೈದ್ಯರಿಗೆ ಎಷ್ಟು ಗೊತ್ತು ಎಂದು ಸಹಪಾಠಿಗಳನ್ನು ಹಿಡಿದು ಹಿಡಿದು ವಿಚಾರಿಸಿದಳು. ಗೊತ್ತಿತ್ತು, ಪರೀಕ್ಷೆಯಲ್ಲಿ ಪಾಸಾಗುವಷ್ಟು. ಲಸಿಕೆ ಹಾಕಿಸಿಕೊಂಡವರು ಮಾತ್ರ ಹುಡುಕಿದರೂ ಸಿಗಲಿಲ್ಲ. ಹುಡುಗರಂತೂ ಇದು ಹೆಂಗಸರ ಸಂಗತಿಯೆಂದು ಕ್ಯಾಂಟೀನಿಗೆ ಪಲಾಯನ ಮಾಡಿದರು. ಸುಮೇಧಾ ವೇದಿಕೆಯೇರಿ ಗುಡುಗಿದಳು. ಸಭಾಂಗಣ ನಡುಗಿತು, ಡೀನ್ ಸಾಹೇಬರೇ ಎದ್ದು ಕೈ ಕುಲುಕಿದರು. ವೀರಾಗ್ರಣಿಯೂ ಲಸಿಕೆ ಹಾಕಿಸಿಕೊಂಡಿರಲಿಲ್ಲ, ಆದರೆ ಅದನ್ನು ಯಾರೂ ವಿಚಾರಿಸಲಿಲ್ಲ. ಮದುವೆಯಾಗಲಿ, ಆಮೇಲೆ ನೋಡುವ ಎಂದು ಅಮ್ಮ ಮುಂದೂಡಿದ್ದರು. ಅದನ್ನು ಮದುವೆಗೆ ಮೊದಲೇ ಹಾಕಿಸಬೇಕೆಂದು ಊರಿಗೆಲ್ಲ ಹೇಳಿದವಳಿಗೆ ಅಮ್ಮನಿಗೆ ಹೇಳಲು ಬಾಯಿ ಬಂದಿರಲಿಲ್ಲ.

ದಿಗ್ವಿಜಯ ಮುಗಿಸಿ ಕೋಪರಖೈರಣೆಯ ಮನೆಗೆ ಬಂದರೆ, ಬಾಲ್ಕನಿಯ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಸೋದರತ್ತೆ ಶ್ರೀಮತಿ ಕೂತಿದ್ದರು. ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿ ಅಡುಗೆಮನೆಯ ಚಕ್ರಾಧಿಪತ್ಯ ವಹಿಸಿಕೊಂಡಿದ್ದವರು. ಮುಟ್ಟು ನಿಂತು ವರ್ಷಗಳೇ ಕಳೆದಿದ್ದವು. ಈಗ ಮತ್ತೆ ರಕ್ತ ಕಂಡಿತೆಂದು, ಉಡುಪಿಯ ಮನೆಯ ಕ್ರಮದಂತೆ, ಯಾರನ್ನೂ ಮುಟ್ಟದೆ ಹೊರಗೆ ಕೂತಿದ್ದಾರೆ. ಅತ್ತೆಗೆ ಪ್ರಾಯ ತಿರುಗಿ ಬಂತೆಂದು ಅಮ್ಮ ದೂರದಿಂದಲೇ ತಟ್ಟೆ ಸರಿಸಿ ನಕ್ಕರು.

ಸುಮೇಧಾ ನಗಲಿಲ್ಲ.

"ಅತ್ತೆ, ಯೇ ನಾರ್ಮಲ್ ನಹೀ ಹೈ. ನಿಂತ ಮೇಲೆ ಮತ್ತೆ ಬರಬಾರದು. ಕ್ಯಾನ್ಸರ್ ಭೀ ಹೋ ಸಕ್ತಾ ಹೈ, ಕ್ಯಾನ್ಸರೂ ಇರಬಹುದು. ನಾಳೆ ತೋರಿಸೋಣ, ಪ್ಲೀಸ್."

"ಹೊರಗೆ ಕೂತವಳನ್ನು ಯಾರಾದರೂ ಮುಟ್ಟಲಿಕ್ಕುಂಟಾ ಮಾರಾಯ್ತಿ? ಸ್ನಾನ ಆಗಲಿ, ಮತ್ತೆ ಹೋಗುವ."

ಸ್ನಾನವಾಯಿತು. ಅತ್ತೆ ಮಡಿಯುಟ್ಟು ಸಿಂಹಾಸನಕ್ಕೆ ಮರಳಿ ಸಾರಿಗೆ ಒಗ್ಗರಣೆ ಕೊಟ್ಟರು. ಸುಮೇಧಾ ಆಟೋ ತರಿಸಿ ನಿಂತಳು.

"ಈಗ ಎಂತ ಉಂಟು ತೋರಿಸಲಿಕ್ಕೆ? ನಿಂತಿತಲ್ಲ."

ಇಂಥ ಅಭೇದ್ಯ ಕೋಟೆಯನ್ನು ಯಾವ ಪಠ್ಯಪುಸ್ತಕವೂ ವರ್ಣಿಸಿರಲಿಲ್ಲ. ರಕ್ತ ಹೋಗುವಾಗ ಮುಟ್ಟುವಂತಿಲ್ಲ. ಮುಟ್ಟಬಹುದಾದಾಗ ರೋಗವೇ ಇಲ್ಲ. ಸುಮೇಧಾ ಅಂಕಿಅಂಶ ಪ್ರಯೋಗಿಸಿದಳು, ಅತ್ತಳು, ಒಂದು ಹೊತ್ತು ಊಟ ಬಿಟ್ಟಳು. ಅತ್ತೆ ಅವಳಿಗೆ ತುಪ್ಪ ಹಾಕಿ ತಿಳಿಸಾರನ್ನ ಕಲಸಿಕೊಟ್ಟರು. ಕೊನೆಯ ಅಸ್ತ್ರವಾಗಿ ಅಪ್ಪ ಮಧ್ವರಾಜರ ಬಳಿ ಓಡಿದರೆ, ಹೆಂಗಸರ ವಿಷಯ ಕಿವಿಗೆ ಬಿದ್ದ ಕೂಡಲೇ ಅವರಿಗೆ ತಮ್ಮ ಹೋಟೆಲಿನ ಸಾಂಬಾರು ನೆನಪಾಯಿತು, ಚಪ್ಪಲಿ ಮೆಟ್ಟಿ ಹೊರಟರು. ಕ್ಯಾಂಟೀನಿಗೆ ಓಡಿದ ಹುಡುಗರಿಗೆ ಅವರು ಗುರುವಾಗಬಹುದಿತ್ತು.

ಅತ್ತೆ ಚಾಪೆ ಆಗಾಗ ಹಾಸಿದರು, ಆಗಾಗ ಸುತ್ತಿದರು. ಮಳೆಗಾಲದ ಹೊತ್ತಿಗೆ ಹಾಸಿದ್ದನ್ನು ಮತ್ತೆ ಸುತ್ತಲೇ ಇಲ್ಲ. ಸ್ನಾನದ ದಿನ ಬಂತು, ಹೋಯಿತು, ರಕ್ತ ನಿಲ್ಲಲಿಲ್ಲ. ಅಡುಗೆಮನೆ ಕೈತಪ್ಪಿದ ಅತ್ತೆ ಗೋಡೆಗೆ ಒರಗಿ ಬಿಳುಚಿಕೊಂಡರು.

ಸುಮೇಧಾ ಚಾಪೆಯ ಮೇಲೆಯೇ ಕೂತು ಅವರ ಕೈ ಹಿಡಿದಳು. ಮನೆ ಉಸಿರು ಬಿಗಿಹಿಡಿಯಿತು. ಅತ್ತೆ ಕೈ ಕೊಸರಿಕೊಳ್ಳುತ್ತಾರೆ, ಸ್ನಾನ ಮಾಡು ಹೋಗು ಎಂದು ಗದರುತ್ತಾರೆ ಎಂದು ಅವಳು ಕಾದಳು. ಆ ಕೈಯಲ್ಲಿ ಕೊಸರುವಷ್ಟು ಕಸುವೇ ಉಳಿದಿರಲಿಲ್ಲ.

"ಹೋಗುವ," ಎಂದರು ಅತ್ತೆ. "ನೀನು ಹೇಳಿದಲ್ಲಿಗೆ."

ಇಷ್ಟು ತಿಂಗಳು ಕೇಳಲು ಹಂಬಲಿಸಿದ ಮಾತು. ರೋಗದ ಹಂತಗಳನ್ನೆಲ್ಲ ಬಾಯಿಪಾಠ ಮಾಡಿದ್ದ ವೀರಾಗ್ರಣಿ ಅದನ್ನು ಕೇಳಿ, ಇದು ಎಷ್ಟನೆಯ ಹಂತವಿರಬಹುದೆಂದು ಲೆಕ್ಕಹಾಕಿ, ಏಳಲಾರದೆ ಚಾಪೆಯ ಮೇಲೇ ಕೂತಳು.