ಪರದೆಯ ಮೇಲೆ ಅಕ್ಕನ ಮಡಿಲು

ಸಂಡೂರಿಗೆ ಬಂದ ಮೂರನೆಯ ಬೆಳಿಗ್ಗೆ ಮಗಳ ಮೂಗು ಒರೆಸಿದೆ. ಬಿಳಿ ಬಟ್ಟೆ ಕೆಂಪಾಯಿತು. ಎರಡು ವರ್ಷದ ಸಿರಿಯನ್ನು ಎತ್ತಿಕೊಂಡು ಚೀರುತ್ತ ಅಂಗಳಕ್ಕೆ ಓಡಿದೆ. ಮನೆಯ ಒಡತಿ ಪಾರ್ವತಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಬಟ್ಟೆ ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದರು.

"ರಕ್ತ ಅಲ್ಲ ತಂಗಿ, ಧೂಳು. ಗಣಿ ಧೂಳು. ನಮ್ಮ ಮೂಗಿನಾಗೂ ಇದ ಬರ್ತೈತಿ. ಅಂಜಬ್ಯಾಡ."

ನಂಜನಗೂಡಿನ ಕಡೆಯವರಾದ ನಿಮಗೆ ಆ ಕೆಂಪನ್ನು ಹೇಗೆ ವಿವರಿಸಲಿ? ನಮ್ಮಲ್ಲಿ ಧೂಳೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. ಇಲ್ಲಿ ಒದ್ದೆ ಬಟ್ಟೆ ತಾಗಿಸಿದರೆ ಅದು ಬಣ್ಣವಾಗಿ ಅಂಟಿಕೊಳ್ಳುತ್ತದೆ. ರಸ್ತೆಯುದ್ದಕ್ಕೂ ಅದಿರಿನ ಲಾರಿಗಳು ಒಂದರ ಬಾಲಕ್ಕೊಂದು ನಿಂತಿರುತ್ತಿದ್ದವು. ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಹಗ್ಗದ ಮೇಲೆ ಹಾಕಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಕಾವಿ.

ನನ್ನ ಗಂಡ ಮಹದೇವ ಗಣಿಯೊಂದರಲ್ಲಿ ಸರ್ವೇಯರ್ ಆಗಿ ಸೇರಿದ್ದರು. ನಾನು ರಸಾಯನಶಾಸ್ತ್ರ ಓದಿದವಳು, ಅದಿರಿನಲ್ಲಿ ಕಬ್ಬಿಣ ಎಷ್ಟಿದೆಯೆಂದು ಪರೀಕ್ಷಿಸುವ ಲ್ಯಾಬಿನಲ್ಲಿ ನನಗೂ ಕೆಲಸ ಸಿಕ್ಕಿತು. ಆಗ ಇಲ್ಲಿ ಕೆಲಸ ಸಿಗುವುದು ಸುಲಭ, ಮನೆ ಸಿಗುವುದೇ ಕಷ್ಟ. ದನದ ಕೊಟ್ಟಿಗೆಗೂ ಬಾಗಿಲು ಹಚ್ಚಿ ಬಾಡಿಗೆಗೆ ಕೊಡುತ್ತಿದ್ದ ಕಾಲ. ಪಾರ್ವತಮ್ಮ ಮಗುವಿನ ಮುಖ ನೋಡಿ ನಮಗೆ ಹಿತ್ತಿಲ ಕಡೆಯ ಎರಡು ಕೋಣೆ ಬಿಟ್ಟುಕೊಟ್ಟಿದ್ದರು.

ಮಾತಿಗೂ ಒಗ್ಗಿಕೊಳ್ಳಬೇಕಿತ್ತು. ಮೊದಲ ವಾರ ಅವರು "ಒಗ್ಗರಣಿ ತಿಂತೀಯೇನು?" ಎಂದು ಕೇಳಿದಾಗ, ಬರೀ ಸಾಸಿವೆ ಕರಿಬೇವನ್ನು ಯಾರಾದರೂ ತಿನ್ನುತ್ತಾರೆಯೇ ಎಂದು ಕಕ್ಕಾಬಿಕ್ಕಿಯಾದೆ. ತಟ್ಟೆ ಬಂದಾಗ ನೋಡಿದರೆ ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಲಸಿದ ತಿಂಡಿ, ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ. ಈಗ ವಾರಕ್ಕೆರಡು ಸಲ ಅದಿಲ್ಲದಿದ್ದರೆ ನನಗೇ ಸೇರುವುದಿಲ್ಲ.

ಆದರೆ ಸಿರಿಗೆ ಈ ಊರು ಒಗ್ಗಲಿಲ್ಲ. ಎರಡನೆಯ ತಿಂಗಳಿಗೆ ಉಬ್ಬಸ ಶುರುವಾಯಿತು. ಉಸಿರೆಳೆದಾಗ ಪಕ್ಕೆಲುಬಿನ ಸಂದು ಒಳಕ್ಕೆ ಹೋಗುತ್ತಿತ್ತು. ಹೊಸಪೇಟೆಯ ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳಿ, "ಒಂದು ವರ್ಷ ಈ ಧೂಳಿನಿಂದ ದೂರ ಇಡ್ರಿ. ಔಷಧಕ್ಕಿಂತ ಅದ ದೊಡ್ಡ ಔಷಧ" ಅಂದರು. ನಂಜನಗೂಡಿನಲ್ಲಿ ನನ್ನಕ್ಕ ಗಿರಿಜ ಇದ್ದಳು. ಅವಳಿಗೆ ಹೈಸ್ಕೂಲಿನಲ್ಲಿ ಓದುವ ಇಬ್ಬರು ಗಂಡುಮಕ್ಕಳು, ಹೆಣ್ಣುಮಗುವೆಂದರೆ ಪ್ರಾಣ. ಸಿರಿಯನ್ನು ಅವಳ ಕೈಗಿಟ್ಟು, ಹಿಂದಿರುಗಿ ನೋಡದೆ ಬಸ್ಸು ಹತ್ತಿದೆ.

ಭಾವ ಮನೆಗೆ ಕಂಪ್ಯೂಟರ್ ತಂದಿದ್ದರು. ಅದಕ್ಕೊಂದು ಕ್ಯಾಮೆರಾ ಕೂಡ. "ವಾರಕ್ಕೊಮ್ಮೆ ನೆಟ್ಟಿನಲ್ಲಿ ಮಗು ಮುಖ ನೋಡ್ಬೋದು, ಯೋಚ್ನೆ ಯಾಕೆ?" ಎಂದು ಧೈರ್ಯ ಹೇಳಿದ್ದರು. ಕ್ಯಾಮೆರಾ ಇದ್ದ ಸೈಬರ್ ಅಂಗಡಿ ನನಗೆ ಸಿಕ್ಕಿದ್ದು ಹೊಸಪೇಟೆಯಲ್ಲಿ. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು. ಒಂದು ಗಂಟೆಯ ದಾರಿ, ಲಾರಿಗಳು ಸಿಕ್ಕಿಕೊಂಡರೆ ಮೂರು ಗಂಟೆ. ಎಷ್ಟೋ ಸಲ ನಾನು ತಲುಪುವಷ್ಟರಲ್ಲಿ ಮಗು ಉಂಡು ಮಲಗಿರುತ್ತಿತ್ತು. ಅಕ್ಕ ಕ್ಯಾಮೆರಾವನ್ನು ಹಾಸಿಗೆಯ ಕಡೆ ತಿರುಗಿಸುತ್ತಿದ್ದಳು. ವೈರು ಸಾಲದೆ ಸಿರಿಯ ಪಾದ ಮಾತ್ರ ಕಾಣುತ್ತಿತ್ತು.

ಅಂಗಡಿಯ ವೀರೇಶಪ್ಪ ತಾಳ್ಮೆಯ ಮನುಷ್ಯ. ಪ್ಲೈವುಡ್ಡಿನ ಗೂಡುಗಳಲ್ಲಿ ಎಂಟು ಕಂಪ್ಯೂಟರ್, ಅದರಲ್ಲಿ ಕ್ಯಾಮೆರಾ ಇದ್ದದ್ದು ಎರಡಕ್ಕೆ, ಹೆಡ್‌ಫೋನು ಕೇಳಿಸುತ್ತಿದ್ದದ್ದು ಒಂದೇ ಕಿವಿಗೆ. ಮೊದಲ ದಿನ ಅವರೇ ನನಗೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟರು. ಸುಮಿತ್ರಾ ಎಂಬ ಹೆಸರು ಯಾರೋ ಆಗಲೇ ತೆಗೆದುಕೊಂಡಿದ್ದರು. ಹಿಂದೆ ನಾಲ್ಕು ಅಂಕಿ ಸೇರಿಸಿದ ಮೇಲೆ ನಾನು ಜಗತ್ತಿಗೆ ಒಪ್ಪಿಗೆಯಾದೆ. ಭಾವನೂ ಆ ವಿಳಾಸ ಬರೆದುಕೊಂಡರು. ಮೂರನೆಯ ವಾರ ಪಾಸ್‌ವರ್ಡ್ ಮರೆತುಹೋಯಿತು. ಗುಟ್ಟಿನ ಪ್ರಶ್ನೆಗೆ ಉತ್ತರ ಕೊಡಿ ಅಂದಿತು ಕಂಪ್ಯೂಟರ್: ನಿಮ್ಮ ಬಾಲ್ಯದ ಗೆಳತಿ ಯಾರು? ಪುಟ್ಟತಾಯಿ. ಗೊತ್ತಿಲ್ಲದೆ ಏನು! ಆದರೆ ಆ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದೆ? ಟಿ ಎರಡೋ ಮೂರೋ, ಎಚ್ ಇತ್ತೋ ಇಲ್ಲವೋ. ನಾಲ್ಕು ಸಲ ತಪ್ಪಿದ ಮೇಲೆ ಬಾಗಿಲು ಹಾಕಿಕೊಂಡಿತು.

"ಹೋಗ್ಲಿ ಬಿಡ್ರಿ ಮೇಡಂ, ಹೊಸಾದು ಮಾಡೋಣು," ಎಂದು ವೀರೇಶಪ್ಪ ಇನ್ನೊಂದು ಹೆಸರು ಹುಟ್ಟಿಸಿದರು. ಮಾತಾಡುವುದಕ್ಕೆ ಹೊಸ ಹೆಸರನ್ನು ಭಾವ ಸೇರಿಸಿಕೊಂಡರು. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ.

ಆ ಭಾನುವಾರಗಳು ಹೀಗಿದ್ದವು: ಸಿರಿಯ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಬಾಯಿ ತೆರೆದು ನಕ್ಕಾಗ ಚಿತ್ರ ಹಾಗೇ ನಿಂತುಬಿಡುತ್ತಿತ್ತು. ಮತ್ತೆ ಅಲುಗಾಡುವಾಗ ಅವಳು ಎದ್ದು ಹೋಗಿರುತ್ತಿದ್ದಳು. ದನಿ ಬಂದರೆ ಚಿತ್ರವಿಲ್ಲ, ಚಿತ್ರ ಬಂದರೆ ದನಿಯಿಲ್ಲ. ನಡುವೆ "ಕರೆಂಟ್ ಹೋತ್ರೀ" ಎಂಬ ಕೂಗು. ನಾನು ನೋಡುತ್ತಿದ್ದದ್ದು ಮಗಳನ್ನು ಮಾತ್ರವಲ್ಲ. ಅವಳು ಕೂತ ಮಡಿಲನ್ನು, ಅವಳ ಹೊಟ್ಟೆಯ ಸುತ್ತ ಬಳಸಿದ ಅಕ್ಕನ ಕೈಯನ್ನು, ನಾನು ಕಾಣದ ಹೊಸ ಲಂಗವನ್ನು. ಸಿರಿಯ ಉಬ್ಬಸ ಪೂರ್ತಿ ನಿಂತಿದೆ ಎಂದು ಅಕ್ಕ ಹೇಳಿದಾಗ ಸಂತೋಷವಾಯಿತು. ಜೊತೆಗೇ, ನನ್ನ ಬಳಿ ಉಸಿರಾಡಲಾಗದ ಮಗು ಇವಳ ಬಳಿ ಉಸಿರಾಡುತ್ತಿದೆಯಲ್ಲ ಎಂದು ಒಳಗೇನೋ ಚುಚ್ಚಿತು. ಅದಕ್ಕೆ ಹೆಸರಿಡಲು ಆಗ ಧೈರ್ಯವಿರಲಿಲ್ಲ. ಹೊಟ್ಟೆಕಿಚ್ಚು, ಮತ್ತೇನು?

ಒಂದು ಭಾನುವಾರ ವೀರೇಶಪ್ಪನ ಲೈನು ಪೂರ್ತಿ ಕೆಟ್ಟಿತ್ತು. ನನ್ನ ಮುಖ ನೋಡಿ, "ಹಂಪಿ ಬಜಾರಿಗೆ ಹೋಗ್ರಿ ಮೇಡಂ. ಫಾರಿನ್ ಮಂದಿ ಸಲುವಾಗಿ ಅಲ್ಲಿ ನೆಟ್ ಮಸ್ತ್ ಇಟ್ಟಾರ" ಅಂದರು. ಹೋದೆ. ಗುಡಿಯ ಮುಂದಿನ ಬೀದಿಯಲ್ಲಿ, ಕಲ್ಲು ಕಂಬಗಳ ಹಿಂದೆ ಸಣ್ಣದೊಂದು ಸೈಬರ್. ನನ್ನ ಪಕ್ಕ ಕೂತ ಬಿಳಿಯ ಹುಡುಗಿ ತನ್ನ ತಾಯಿಯ ಜೊತೆ ಎಂಥದೋ ಭಾಷೆಯಲ್ಲಿ ಮಾತಾಡುತ್ತ ಕಾಲು ಕುಣಿಸುತ್ತಿದ್ದಳು. ಸಮುದ್ರದಾಚೆಯ ತಾಯಿ ಅವಳಿಗೆ ಅಷ್ಟು ಹತ್ತಿರ, ಇದೇ ರಾಜ್ಯದಲ್ಲಿರುವ ನನ್ನ ಮಗು ನನಗೆ ಅಷ್ಟು ದೂರ. ಅವಳ ಮೇಲೂ ಕಿಚ್ಚಾಯಿತು.

ಆಮೇಲೆ ಸಿರಿ ಬಂದಳು. ಅಷ್ಟು ಚೊಕ್ಕವಾಗಿ ಅವಳನ್ನು ಅಲ್ಲಿಯವರೆಗೂ ಕಂಡಿರಲಿಲ್ಲ. ಹಣೆಯ ಮೇಲಿನ ಬೆವರು ಕೂಡ ಕಾಣುತ್ತಿತ್ತು. ಎರಡೂ ಕಿವಿಗೆ ದನಿ ಕೇಳುತ್ತಿತ್ತು. ಅವಳ ಕೈಯಲ್ಲಿದ್ದ ಬಾಳೆಹಣ್ಣು ಕೆಳಗೆ ಬಿತ್ತು. ತಲೆಯೆತ್ತಿ ಅಕ್ಕನ ಗಲ್ಲ ಮುಟ್ಟಿ, "ಅಮ್ಮಾ, ಬಿತ್ತು" ಅಂದಳು.

ಅಕ್ಕ ಗಾಬರಿಯಾದಳು. "ಅಮ್ಮ ಅಲ್ನೋಡು ಕಂದ, ಅಲ್ಲವ್ಳೆ ಅಮ್ಮ!" ಎಂದು ನನ್ನತ್ತ ಬೆರಳು ತೋರಿಸಿದಳು. ಸಿರಿ ನನ್ನನ್ನು ನೋಡಿದಳು. ಬೀದಿಯಲ್ಲಿ ಹೋಗುವವರನ್ನು ಮಕ್ಕಳು ನೋಡುತ್ತಾರಲ್ಲ, ಹಾಗೆ. ಮತ್ತೆ ಬಾಳೆಹಣ್ಣಿನ ಕಡೆ ತಿರುಗಿದಳು.

ಚಿತ್ರ ಒಡೆಯಲಿ, ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಅವತ್ತು ಏನೂ ಕೆಡಲಿಲ್ಲ.

ಅದಾದ ಮೇಲೆ ಎರಡು ಭಾನುವಾರ ಅಕ್ಕ ಬರಲೇ ಇಲ್ಲ. ಹೊಸಪೇಟೆಯ ಆ ಗೂಡಿನಲ್ಲಿ ಅವಳ ಹೆಸರಿನ ಮುಂದಿನ ಬಣ್ಣಗೆಟ್ಟ ಚುಕ್ಕಿಯನ್ನೇ ನೋಡುತ್ತ ಕೂತೆ. ಮನೆಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಬೇಕೆಂದೇ ಆಫ್ ಮಾಡಿದ್ದಾಳೆ, ಮಗುವನ್ನು ನನ್ನಿಂದ ಕೀಳುತ್ತಿದ್ದಾಳೆ ಎಂದು ಮನಸ್ಸು ನಿರ್ಧರಿಸಿಬಿಟ್ಟಿತ್ತು. ಮರುದಿನ ಫೋನೆತ್ತಿದ ಅಕ್ಕನ ಮೇಲೆ ಹರಿಹಾಯ್ದೆ.

"ಹೆಣ್ಣುಮಗು ಇಲ್ಲ ಅಂತ ನನ್ ಮಗೂನ ಇಟ್ಕೊಂಡ್‌ಬಿಡೋಣ ಅಂತಿದೀಯಾ?"

ಅಕ್ಕ ಮೆಲ್ಲಗೆ ಹೇಳಿದಳು. "ಅತ್ತೆ ಊರಿಗೆ ಹೋಗ್ತೀವಿ, ಎರಡು ವಾರ ಇರಲ್ಲ ಅಂತ ಬರ್ದಿದ್ನಲ್ಲ ಸುಮಿ. ವಾರ ವಾರ ಬರೀತಾನೇ ಇದೀನಿ. ನೀನೊಂದ್ ಸಾಲೂ ಉತ್ತರ ಹಾಕ್ಲಿಲ್ಲ. ನಮ್ ಕಾಗದ ಓದೋಕೂ ಇವಳಿಗೆ ಪುರುಸೊತ್ತಿಲ್ಲ ಅಂದ್ಕೊಂಡಿದ್ದೆ ಕಣೇ."

"ಎಲ್ಲಿಗೆ ಬರ್ದೆ?"

"ನಿಮ್ ಭಾವ ಮೊದಲ್ನೇ ದಿನ ಬರ್ದುಕೊಟ್ಟ ನಿನ್ನ ವಿಳಾಸಕ್ಕೆ."

ಮಾತಾಡುವುದಕ್ಕೆ ಹೊಸ ಹೆಸರು, ಕಾಗದಕ್ಕೆ ಹಳೆಯ ವಿಳಾಸ. ಎರಡೂ ಬೇರೆಯೆಂದು ಅಕ್ಕನಿಗೆ ತಿಳಿದಿರಲಿಲ್ಲ. ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ನಾನೂ ವೀರೇಶಪ್ಪನೂ ಆ ಗುಟ್ಟಿನ ಪ್ರಶ್ನೆಯ ಮುಂದೆ ಕೂತೆವು. ಪುಟ್ಟತಾಯಿಯನ್ನು ಹೇಗೆಲ್ಲ ಬರೆಯಬಹುದೆಂದು ಅವರು ಹಾಳೆಯ ಮೇಲೆ ಪಟ್ಟಿ ಮಾಡಿದರು. ಮೂರನೆಯದಕ್ಕೆ ಬಾಗಿಲು ತೆರೆಯಿತು. ಟಿ ಎರಡೇ, ಎಚ್ ಇತ್ತು, ಕೊನೆಯಲ್ಲಿ ವೈ. "ಸಾಲಿ ಕಲಿಸಿದವ್ರು ಕೇಳಿದ್ರ ನಗ್ತಾರ್ರೀ" ಎಂದು ಅವರು ಎದ್ದುಹೋದರು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಅಕ್ಕನ ಕನ್ನಡ. ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು. ಸಿರಿ ಇವತ್ತು ಮೆಟ್ಟಿಲು ತಾನೇ ಇಳಿದಳು. ಸಿರಿ ಕಪಿಲಾ ಹೊಳೆ ನೋಡಿ 'ಎಷ್ಟೊಂದು ಸ್ನಾನ!' ಅಂದಳು. ಸಿರಿಗೆ ಬದನೆಕಾಯಿ ಸೇರಲ್ಲ, ನಿನ್ನ ಹಾಗೇ. ಹಂಪಿಯ ಆ ದಿನಕ್ಕಿಂತ ಮೊದಲೇ ಬರೆದ ಒಂದು ಕಾಗದದಲ್ಲಿ ಹೀಗಿತ್ತು: ನನ್ನ ಹುಡುಗರು ಕರೆಯೋದು ಕೇಳಿ ಇವಳೂ ನನ್ನ ಅಮ್ಮ ಅಂತಾಳೆ. ದೊಡ್ಡಮ್ಮ ಅನ್ನು ಅಂತ ದಿನಾ ತಿದ್ದುತೀನಿ. ನೀನು ಬೇಜಾರು ಮಾಡ್ಕೋಬೇಡ.

ಓದಿ ಪಶ್ಚಾತ್ತಾಪದಿಂದ ಅತ್ತೆ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಅತ್ತದ್ದು ನಿಜ. ಆದರೆ ಓದಿದಷ್ಟೂ ಕಿಚ್ಚು ಹೆಚ್ಚಾಯಿತು ಎಂಬುದೂ ಅಷ್ಟೇ ನಿಜ. ಆ ಮೆಟ್ಟಿಲು, ಆ ಹೊಳೆ, ಆ ಮಾತು, ಎಲ್ಲವೂ ಅವಳ ಪಾಲಿಗೆ ಬಂದಿದ್ದವು. ನನ್ನ ಪಾಲಿಗೆ ಬಂದದ್ದು ಅವುಗಳ ವರದಿ. ಅಕ್ಕ ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!

ಸಂಡೂರಿಗೆ ಮರಳಿ ಪಾರ್ವತಮ್ಮನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕೂಸಿನ ಮ್ಯಾಲ ಆಸಿ ಇದ್ರ ಪೆಟ್ಟಿಗಿ ಮುಂದ ಕುಂತು ಅತ್ರ ಏನಾಗ್ತೈತಿ? ಧೂಳು ಇಲ್ಲದ ಕಡಿ ಮನಿ ಮಾಡು. ಕಂಪ್ಲಿ ನನ್ನ ತವರು. ಗದ್ದಿ, ಕಾಲುವಿ, ಹಸರು ಐತಿ ಅಲ್ಲಿ. ನಮ್ಮ ಅಣ್ಣನ ರೈಸ್‌ಮಿಲ್ಲಿನ ಹಿಂದ ಮನಿ ಖಾಲಿ ಐತಿ."

"ಇವರ ಕೆಲಸ ಇಲ್ಲಿ, ಅಮ್ಮಾ."

"ಅವ ಶನಿವಾರ ಬರ್ತಾನ ಬಿಡು. ಗಂಡ ವಾರಕ್ಕೊಮ್ಮಿ ಬಂದ್ರ ನಡೀತೈತಿ. ಕೂಸು ವಾರಕ್ಕೊಮ್ಮಿ ಅಂದ್ರ ನಡೀತೈತೇನು?"

ಮಹದೇವ ಎರಡು ದಿನ ಬಾಡಿಗೆ, ಸಂಬಳದ ಲೆಕ್ಕ ಹಾಕಿದರು. ಮೂರನೆಯ ದಿನ, "ಮನೆ ನೋಡ್ಕೊಂಡ್ ಬರೋಣ ನಡಿ" ಅಂದರು. ಲ್ಯಾಬಿನ ಕೆಲಸ ಬಿಟ್ಟೆ. ಕಂಪ್ಲಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡೆ. ಭತ್ತದ ಗದ್ದೆಗಳ ನಡುವೆ ನಿಂತು ಬಹಳ ತಿಂಗಳ ಮೇಲೆ ಎದೆ ತುಂಬ ಉಸಿರೆಳೆದೆ.

ಅಕ್ಕನೇ ಸಿರಿಯನ್ನು ಕರೆತಂದಳು. ನಾಲ್ಕು ದಿನ ಇದ್ದು ಮಗಳನ್ನು ನನಗೆ ಅಭ್ಯಾಸ ಮಾಡಿಸಿದಳು. ತಾನು ತುತ್ತಿಡುವ ಬದಲು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಆಚೆ ಹೋಗುತ್ತಿದ್ದಳು. ಫೋನಿನಲ್ಲಿ ನಾನಾಡಿದ ಮಾತನ್ನು ಇಬ್ಬರೂ ಎತ್ತಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವಳ ಬಸ್ಸು ಹೊರಟಾಗ ಸಿರಿ ನನ್ನ ಕುತ್ತಿಗೆಗೆ ಉಗುರು ಊರಿ, "ಅಮ್ಮ ಬೇಕು, ಅಮ್ಮ ಬೇಕು" ಎಂದು ಬಸ್ಸಿನ ಹಿಂದೆ ಕೈಚಾಚಿ ಅತ್ತಳು. ಸುತ್ತ ನಿಂತವರಿಗೆ ಏನೂ ಅರ್ಥವಾಗಲಿಲ್ಲ. ಅಮ್ಮನ ಕಂಕುಳಲ್ಲೇ ಇದೆಯಲ್ಲ ಮಗು!

ಈಗ ಭಾನುವಾರ ಪರದೆಯ ಮೇಲೆ ಬರುವವಳು ಅಕ್ಕ. ಕಂಪ್ಲಿಯಲ್ಲೂ ಒಂದು ಸೈಬರ್ ತೆರೆದಿದೆ, ಅದರ ನೆಟ್ಟೂ ಅಷ್ಟಕ್ಕಷ್ಟೆ. ಸಿರಿ ಐದು ನಿಮಿಷ ಕೂತು ಹೊರಗಿನ ಮೇಕೆಮರಿಯ ಕಡೆ ಓಡುತ್ತಾಳೆ. ಒಮ್ಮೆ ಅವಳು ಅಕ್ಕನ ಮಾತಿನ ನಡುವೆಯೇ "ಅಮ್ಮಾ, ನೀರು" ಎಂದು ನನ್ನ ಸೆರಗೆಳೆದಳು. ಅಕ್ಕನ ಮುಖದಲ್ಲಿ ಏನೋ ಬಂದು ಹೋಯಿತು. ಅದೇನೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೇಳಲು ನಾಚಿಕೆ, ನನಗೆ ಖುಷಿಯಾಯಿತು. ಆ ಖುಷಿ ಮುಗಿಯುವ ಮೊದಲೇ ಅಕ್ಕನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಪರದೆಯ ಮೇಲೆ ಕೈಯಿಟ್ಟೆ. ಗಾಜು ಬೆಚ್ಚಗಿತ್ತು, ಅಷ್ಟೆ.

ನೀವು ಕೇಳುತ್ತಿರುತ್ತೀರಿ, ಅಲ್ಲಿಯೇ ನೆಲೆಯಾದಿರಾ, ಇಲ್ಲಾ ವಾಪಸ್ಸು ಬರುತ್ತೀರಾ ಎಂದು. ಕಳೆದ ರಜೆಯಲ್ಲಿ ನಂಜನಗೂಡಿಗೆ ಬಂದು ಹದಿನೈದು ದಿನ ಇದ್ದೆವು. ಕಂಪ್ಲಿಗೆ ಮರಳುವ ದಾರಿಯಲ್ಲಿ, ಚಿತ್ರದುರ್ಗ ದಾಟಿದ ಮೇಲೆ, ಸಿರಿ ನನ್ನ ತೊಡೆಯ ಮೇಲೆ ಎಚ್ಚರಗೊಂಡಳು. ಕಿಟಕಿಯಾಚೆ ನೋಡುತ್ತ, "ಅಮ್ಮಾ, ಊರು ಯಾವಾಗ ಬತ್ತದೆ?" ಅಂದಳು.

ಯಾವ ಊರು ಎಂದು ಕೇಳಲು ಬಾಯಿ ತೆರೆದೆ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು.

"ಇನ್ನೂ ದೂರ ಇದೆ, ಮಲಗು" ಅಂದೆ.