ಅಮ್ಮಂದಿರ ಗುಂಪಿನಲ್ಲಿ ಒಬ್ಬ ಬಸ್ಸು ತೊಳೆಯುವವ

ಬೆಳಗಿನ ಐದು ಗಂಟೆ. ಡಿಪೋದಲ್ಲಿ ಹದಿನಾಲ್ಕನೇ ಬಸ್ಸಿನೊಳಗೆ ಮಂಡಿಯೂರಿ ಕುಳಿತ ನಲವತ್ತೆರಡರ ಈ ಮನುಷ್ಯ ಸೀಟಿನಡಿಯ ಚೂಯಿಂಗ್ ಗಮ್ಮನ್ನು ಮೊಂಡು ಚಾಕುವಿನಿಂದ ಕೆರೆಯುತ್ತಿದ್ದಾರೆ. ಆರೂವರೆಯೊಳಗೆ ಇಪ್ಪತ್ತೆರಡು ಬಸ್ಸು ತೊಳೆದಾಗಬೇಕು. ವಾಂತಿ ಬಿದ್ದ ಕಡೆ ಮೊದಲು ಮರಳು ಹಾಕಬೇಕಂತೆ, ಅವಸರಪಟ್ಟು ನೀರು ಸುರಿದರೆ ಬಸ್ಸಿಡೀ ನಾತ.

ಮೊದಲು ತೊಳೆದ ಬಸ್ಸಿನ ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಪುಟ್ಟಿ ಮಲಗಿದ್ದಾಳೆ. ಆ ಬಸ್ಸನ್ನು ಡ್ರೈವರುಗಳು ಎಲ್ಲಕ್ಕಿಂತ ಕೊನೆಗೆ ಹೊರಡಿಸುತ್ತಾರೆ. ಇವರ ಜೊತೆ ಬಸ್ಸು ಗುಡಿಸುತ್ತಿದ್ದ ಹೆಂಗಸಿನ ಮಗಳು ಅವಳು. ಐದು ವರ್ಷದ ಹಿಂದೆ ತಾಯಿ ಜ್ವರದಲ್ಲಿ ತೀರಿಕೊಂಡಾಗ ನಮ್ಮವಳು ಎನ್ನಲು ಯಾರೂ ಬರಲಿಲ್ಲ. ಎರಡು ವರ್ಷ ಕಚೇರಿಗಳಿಗೆ ಚಪ್ಪಲಿ ಸವೆಸಿ ಇವರೇ ಕಾಗದಪತ್ರ ಮಾಡಿಸಿಕೊಂಡರು. ಮದುವೆಯ ಮಾತಿಗೆ ಬಂದ ಹೆಣ್ಣಿನ ಕಡೆಯವರು ಮಗುವನ್ನು ನೋಡಿ ಬಂದ ದಾರಿ ಹಿಡಿದರು. ‘ಮದುವೆಗೆ ಮೊದಲೇ ಸಂಸಾರಸ್ಥ’ ಎಂದು ರೇಗಿಸುತ್ತಿದ್ದ ಗೆಳೆಯರು ಭಾನುವಾರದ ಇಸ್ಪೀಟಿಗೆ ಕರೆಯುವುದನ್ನು ಬಿಟ್ಟರು.

ಹೀಗಿರುವಾಗ ಶಾಲೆಯ ಟೀಚರ್ ಅಮ್ಮಂದಿರ ವಾಟ್ಸಾಪ್ ಗುಂಪು ಮಾಡಿ, ಇವರ ನಂಬರನ್ನು ‘ಪುಟ್ಟಿ ಅಮ್ಮ’ ಎಂದು ಸೇರಿಸಿದರು. ಇವರು ತಿದ್ದಲಿಲ್ಲ. “ಹೇನಿಗೆ ಏನು ಹಾಕ್ಬೇಕು, ಜಡೆ ಹೇಗೆ ಹೆಣೀಬೇಕು, ಎಲ್ಲ ಅಲ್ಲೇ ಕಲ್ತೆ. ಗಂಡಸು ಅಂದ್ರೆ ಯಾರು ಹೇಳ್ಕೊಡ್ತಾರೆ?” ಎನ್ನುವಾಗ ಕಣ್ಣು ಚಾಕುವಿನ ಮೇಲೇ ಇದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬ ತಾಯಿ ‘ಅಕ್ಕಾ’ ಎಂದು ಬೇರೆಯಾಗಿ ಬರೆಯತೊಡಗಿದಳು. ಎರಡನೆಯದು ಹುಟ್ಟಿದ ಮೇಲೆ ದೊಡ್ಡವಳ ಮೇಲೆ ಕೈ ಮಾಡುತ್ತಿದ್ದೇನೆ, ಆಮೇಲೆ ಬಚ್ಚಲಲ್ಲಿ ಅಳುತ್ತೇನೆ ಎಂದಳು. ಗಂಡನಿಗೂ ಹೇಳದ ಮಾತು. ಇವರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸುತ್ತ, ‘ತಂಗಿ’ ಎನ್ನುತ್ತ, ಎಂಟು ತಿಂಗಳು ಅಕ್ಕನಾಗಿಯೇ ಉಳಿದರು. “ಬಾಗಿಲ ಸಂದೀಲಿ ನಿಂತು ಕೇಳಿದ ಹಾಗೆ. ನೆನೆಸ್ಕೊಂಡ್ರೆ ಈಗಲೂ ಮೈಯೆಲ್ಲಾ ಹಿಡಿಯಾಗತ್ತೆ” ಎನ್ನುತ್ತಾರೆ.

ಕಳೆದ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಆ ತಾಯಿ ಅಕ್ಕನನ್ನು ನೋಡಲೇಬೇಕೆಂದು ಬರೆದಿದ್ದಳು. ಹಿಂದಿನ ಸಭೆಗಳಲ್ಲಿ ತಾನು ಪುಟ್ಟಿಯ ಮನೆಯ ಕೆಲಸದವನು ಎಂದು ಹೇಳಿ ಪುಟ್ಟಿಯೆದುರೇ ಜಾರಿಕೊಂಡವರು ಇವರು. ಈ ಸಲ ಗೇಟಿನ ಬಳಿ ಕಾದು, ಪುಟ್ಟಿಯನ್ನು ಆಡಲು ಕಳಿಸಿ, ಆಕೆಗೆ ಇದ್ದದ್ದನ್ನು ಇದ್ದಂತೆ ಹೇಳಿ ತಪ್ಪಾಯಿತು ಎಂದರು. ಬಾಯಿಗೆ ತಂಗಿ ಬರಲಿಲ್ಲ, ಮೇಡಂ ಎಂದರು. ಆಕೆಯ ಮುಖ ಬಿಳಿಚಿಕೊಂಡಿತು. ಇವರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಂದೇ ಗುಂಪಿನಿಂದ ಹೊರಬಂದಿದ್ದಾರೆ.

ಆಕೆ ಬಯ್ಯಲಿಲ್ಲ. ಒಂದೇ ಒಂದು ಕೇಳಿದಳಂತೆ. ಹೊಡೆದ ದಿನ ಸಮಾಧಾನದ ಮಾತು ಬೇಡ, ಹತ್ತು ನಿಮಿಷ ಮಗುವಿನ ಪಕ್ಕ ಸುಮ್ಮನೆ ಕೂತುಕೋ, ಅದು ತಾನಾಗಿಯೇ ಮಾತಾಡುತ್ತದೆ ಎಂದು ಬರೆದಿದ್ದಿರಲ್ಲ, ಅದನ್ನು ಎಲ್ಲಿಂದ ಕದ್ದಿರಿ ಎಂದು.

ತಾಯಿ ಹೋದ ಮೇಲೆ ಪುಟ್ಟಿ ನಾಲ್ಕು ತಿಂಗಳು ತುಟಿ ಬಿಚ್ಚಿರಲಿಲ್ಲ. ಕೆಲಸ ಮುಗಿದ ಮೇಲೆ ಇವರು ದಿನವೂ ಖಾಲಿ ಬಸ್ಸಿನಲ್ಲಿ ಅವಳ ಪಕ್ಕ ಕೂರುತ್ತಿದ್ದರು.

ಚಾಕು ಒರೆಸಿ ಹದಿನೈದನೇ ಬಸ್ಸಿನ ಕಡೆ ಹೊರಟವರು, ಆಕೆಗೆ ಕೊಟ್ಟ ಉತ್ತರವನ್ನು ಹೇಳುತ್ತಾರೆ: “ಹೆಸರು ಸುಳ್ಳು ಮೇಡಂ. ಅದೊಂದು ಮಾತು ಮಾತ್ರ ನನ್ನದೇ.”