ಒಂದೂಕಾಲು ತಾಸಿನ ಹಾದಿ

ಮಹಾರಾಷ್ಟ್ರ ರಾಜ್ಯವಾದ ಮರುವರ್ಷದ ಮಾತು. ಜೋಳ ಹಸನು ಮಾಡುತ್ತ ಕುಳಿತಿದ್ದ ನನ್ನ ಹೆಂಡತಿ ಶಾಂತವ್ವ, ಬಲಗಣ್ಣಿನ ಮುಂದೆ ಕಿಡಿ ಹಾರಿದಂತಾಯಿತು ಅಂದಳು. ಒಲೆಯ ಹೊಗೆ ಇರಬೇಕು ಅಂದೆ. ಅವಳ ಮಾತಿಗೆ ನನ್ನ ಉತ್ತರ ಯಾವಾಗಲೂ ತಯಾರಿರುತ್ತಿತ್ತು. ಮೂರನೆಯ ದಿನ ಆ ಕಣ್ಣಿಗೆ ಕೆಳಗಿನಿಂದ ಕರಿ ಪರದೆ ಏರತೊಡಗಿತು. ಗಡಹಿಂಗ್ಲಜದ ನನ್ನ ಬೆಲ್ಲದ ಅಂಗಡಿ ಮುಚ್ಚಿ ಅವಳನ್ನು ಕೊಲ್ಲಾಪುರಕ್ಕೆ ಕರೆದೊಯ್ದೆ.

ಡಾಕ್ಟರರ ಮಾತೆಲ್ಲ ಮರಾಠಿ. ಗೋಕಾಕ ಕಡೆಯ ಶಾಂತವ್ವನಿಗೆ ಮರಾಠಿ ಬರದು. ನಾನೇ ಕನ್ನಡ ಮಾಡಿ ಹೇಳಬೇಕು.

ಕಣ್ಣಿನ ಹಿಂಬದಿಯ ಪದರ, ರೆಟಿನಾ, ಕಳಚಿದೆ, ಅದರ ನಡುಭಾಗ ಮಾತ್ರ ಉಳಿದಿದೆ, ಅದೂ ಹೋಗುವುದರೊಳಗೆ ಮುಂಬೈಯಲ್ಲಿ ಆಪರೇಶನ್ ಆಗಬೇಕು, ತಲೆ ಕುಲುಕಬಾರದು ಅಂದರು. ಅವರ ಪರಿಚಯದ ಸೇಠರೊಬ್ಬರು ಮರುದಿನ ಹೆಂಡತಿಯೊಂದಿಗೆ ಬಾಡಿಗೆಯ ಸಣ್ಣ ವಿಮಾನದಲ್ಲಿ ಮುಂಬೈಗೆ ಹೊರಟಿದ್ದರು. ಒಂದು ಸೀಟು ಖಾಲಿ ಇತ್ತು. ರೈಲು ಪುಣೆ ಸುತ್ತಿ ಹೋಗುತ್ತದೆ, ಒಂದು ಹಗಲು ಒಂದು ರಾತ್ರಿ. ವಿಮಾನ ನೇರ, ಒಂದೂಕಾಲು ತಾಸು. ಇವರನ್ನು ಕಳಿಸಿ, ನೀವು ಹಿಂದಿನಿಂದ ಬನ್ನಿ ಅಂದರು ಡಾಕ್ಟರರು.

"ಏನಂದ್ರು ರೀ?" ಶಾಂತವ್ವ ಕೇಳಿದಳು.

"ಲಗೂನ ರೈಲಿಗೆ ಹೋಗ್ರಿ ಅಂದ್ರು."

ಡಾಕ್ಟರರಿಗೆ ಮರಾಠಿಯಲ್ಲಿ, ಅವಳಿಗೆ ವಿಮಾನವೆಂದರೆ ಅಂಜಿಕೆ ಎಂದೆ.

ನನ್ನ ಹೆಂಡತಿ ಪರಕೀಯರ ಪಕ್ಕ ಕುಳಿತು ಒಬ್ಬಳೇ ಹಾರಿಹೋದಳು ಎಂದು ಪೇಟೆಯವರು ನಗುತ್ತಾರೆ ಅನ್ನಿಸಿತ್ತು. ನಾನೇ ಹತ್ತದ ವಿಮಾನ ಅವಳು ಹತ್ತುವುದನ್ನೂ ನನಗೆ ಸಹಿಸಲಾಗಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ. ಆದರೆ ನಿಜ ಇದೇ.

ರೈಲಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಹಿಡಿದು ಕುಳಿತೆ. ಪುಣೆಯಲ್ಲಿ ಗಾಡಿ ಬದಲಿಸುವಾಗ ಅವಳು ನನ್ನ ತೋಳು ಹಿಡಿದಳು.

"ಪೂರ್ತಿ ಕತ್ತಲಾತ್ರಿ."

ಮುಂಬೈಯಲ್ಲಿ ಆಪರೇಶನ್ ಆಯಿತು. ಆ ಕಣ್ಣಿಗೆ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ. ವಾರಗಟ್ಟಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಂಗಾತ ಮಲಗಿಸಿದ್ದರು. ಅವಳಿಗೆ ಉಳಿದದ್ದು ಕಿವಿ ಮಾತ್ರ. ನರ್ಸುಗಳ, ಪಕ್ಕದ ಮಂಚದ ಹೆಂಗಸಿನ ಮಾತು ಕೇಳುತ್ತ ಕೇಳುತ್ತ ಮರಾಠಿ ಕಲಿತಿದ್ದಳು. ನಾನು ಅದನ್ನು ಗಮನಿಸಿರಲಿಲ್ಲ.

ತಿಂಗಳು ಕಳೆದು ಮತ್ತೆ ಕೊಲ್ಲಾಪುರದಲ್ಲಿ ತೋರಿಸಿದೆವು. ಡಾಕ್ಟರರು ಕನಿಕರದಿಂದಲೇ, ವಿಮಾನಕ್ಕೆ ಅಂಜದೆ ಹೋಗಿದ್ದರೆ ಈ ಕಣ್ಣು ಉಳಿಯುತ್ತಿತ್ತೇನೋ ತಾಯಿ, ಎಂದರು. ನಾನು ಅದನ್ನೂ ಕನ್ನಡದಲ್ಲಿ ಬೇರೇನೋ ಮಾಡಿ ಹೇಳಲು ಬಾಯಿ ತೆರೆದೆ.

"ಮಲಾ ಕುಣೀ ವಿಚಾರಲಂಚ ನಾಹೀ," ಅಂದಳು ಶಾಂತವ್ವ. ನನ್ನನ್ನು ಯಾರೂ ಕೇಳಲೇ ಇಲ್ಲ ಎಂದು, ಮರಾಠಿಯಲ್ಲಿ.

ಡಾಕ್ಟರರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಊರಿಗೆ ಮರಳುವ ಬಸ್ಸು ಕಾಗಲ ದಾಟಿದ ಮೇಲೆ ಅವಳು ಕೇಳಿದಳು.

"ವಿಮಾನದಾಗ ಎಷ್ಟ ಹೊತ್ತ ಹಿಡೀತಿತ್ತು?"

"ಒಂದೂಕಾಲು ತಾಸು."

"ಅಂದ್ರ ಈ ಬಸ್ಸು ನಮ್ಮೂರ ಮುಟ್ಟೂದರಾಗ ನಾ ಮುಂಬೈಯಾಗ ಇರ್ತಿದ್ದೆ."

"ಹೌದು. ನಂದ ತಪ್ಪಾತು."

ಅವಳು ಕಿಟಕಿಯತ್ತ ತಿರುಗಿದಳು.

ಈಗ ತಪಾಸಣೆಗೆ ಹೋದಾಗ ಡಾಕ್ಟರರ ಕೋಣೆಗೆ ಅವಳೊಬ್ಬಳೇ ಹೋಗುತ್ತಾಳೆ. ನಾನು ಹೊರಗೆ ಬೆಂಚಿನ ಮೇಲೆ ಕೂರುತ್ತೇನೆ. ಎಡಗಣ್ಣು ಚಲೋ ಐತಂತ, ಎಂದು ಹೊರಬಂದು ಹೇಳುತ್ತಾಳೆ. ಅಷ್ಟಕ್ಕೆ ದೇವರಿಗೆ ಕೈಮುಗಿಯುತ್ತೇನೆ. ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದೆಯಾ ಎಂದು ಕೇಳುವ ಮುಖ ನನಗಿಲ್ಲ.